ಕರ್ಣನ ಮೈಮೇಲಿನ ಸುಣ್ಣ

ಎಳ್ಳಮಾಸಿಗೆ ಇನ್ನೂ ಹತ್ತು-ಹನ್ನೆರಡು ದಿನ ಇದ್ದವು. ಹೂಲಿಯ ಗುಡ್ಡದ ಕೆಳಗೆ ಬಿಳಿಜೋಳ ತೆನೆ ಬಿಚ್ಚುವ ಕಾಲ. ಮುಂಜಾನೆಯ ಥಂಡಿ ಇಳಿದು, ಎಳೆಬಿಸಿಲು ಕಟ್ಟೆಯ ಮೇಲೆ ಬಂದು ಕೂತ ಹೊತ್ತಿಗೆ ಇದು ಶುರುವಾಯಿತು. ಊರಿನ ಹಳೇ ಗುಡಿಗಳ ಕಲ್ಲು ನೋಡಲು ಬಂದಿದ್ದ ಒಬ್ಬ ಹೆಣ್ಣುಮಗಳು ಸಿದ್ದಲಿಂಗವ್ವನ ಮನೆ ಮುಂದೆ ಕಾರು ನಿಲ್ಲಿಸಿ, "ಅವ್ವಾರ, ಒಂದು ತಂಬಿಗಿ ನೀರು ಕೊಡ್ರಿ" ಅಂದಳು.

ನೀರು ತಂದುಕೊಟ್ಟರೆ ಕುಡಿಯಲಿಲ್ಲ. ತಂಬಿಗೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲ ಮೂಲೆ ನೋಡುತ್ತ ನಿಂತಳು. ಬಾಗಿಲು ಗಾಳಿಗೆ ಬಡಿಯಬಾರದೆಂದು ಅಲ್ಲಿ ಒಂದು ಕರೇ ಕಲ್ಲು ಒತ್ತು ಕೊಟ್ಟಿತ್ತು. ಟಗರಿನ ಕೊಂಬು ಸುತ್ತಿಕೊಂಡಂತೆ ಸುರುಳಿ ಬಿದ್ದ ಕಲ್ಲು.

"ಇದು ಎಲ್ಲಿದ್ರಿ ಅವ್ವಾರ?"

"ನಮ್ಮ ಮನ್ಯಾಗಿನವ್ರು ಬರ್ಫದ ಗುಡ್ಡದಾಗ ಮಿಲ್ಟ್ರಿ ರಸ್ತಾ ಮಾಡಾಕ ಹೋಗಿದ್ರು, ಆವಾಗ ತಂದದ್ದು. ಒಳಗ ಇನ್ನೂ ಒಂದು ಟ್ರಂಕ್ ಅದಾವ."

"ಒಂದು ಟ್ರಂಕಾ!" ತಂಬಿಗೆ ವಾಲಿತು, ನೀರೆಲ್ಲ ಆಕೆಯ ಕಾಲ ಮೇಲೆ ಚೆಲ್ಲಿತು. ಆಕೆಗೆ ಅದರ ಖಬರೇ ಇಲ್ಲ.

ಹೆಸರು ರಂಜನಾ, ತವರು ಬೈಲಹೊಂಗಲ. ಧಾರವಾಡದ ಕಾಲೇಜೊಂದರಲ್ಲಿ ಕಲ್ಲು-ಮಣ್ಣಿನ ಪಾಠ ಹೇಳುತ್ತಾಳೆ. ಸಿದ್ದಲಿಂಗವ್ವನ ಗಂಡ ಮಹಾಂತಪ್ಪ ಮಂಚದ ಕೆಳಗಿನ ಕಬ್ಬಿಣದ ಟ್ರಂಕ್ ಎಳೆದು ತೆರೆದ. ಮಗ ಗೌರೀಶ ನಕ್ಕ. "ಬಾಯಾರ, ಎಲ್ಲಾರ ಮನಿ ಮಿಲ್ಟ್ರಿ ಮಂದಿ ರಮ್ ಬಾಟ್ಲಿ ತಂದ್ರು. ನಮ್ಮಪ್ಪ ನೋಡ್ರಿ, ಕಲ್ಲು ಹೊತ್ಗೊಂಡು ಬಂದ."

ರಂಜನಾ ನಗಲಿಲ್ಲ. ಒಂದೊಂದೇ ಕಲ್ಲು ಎತ್ತಿ, ಹೊಟ್ಟೆಯ ಕಡೆ ತಿರುಗಿಸಿ ನೋಡಿದಳು. ಪ್ರತಿಯೊಂದರ ಕೆಳಗೂ ಕೆಂಪು ಬಣ್ಣದಲ್ಲಿ ಏನೋ ಬರೆದಿತ್ತು. ನೋಡಿದಷ್ಟೂ ಆಕೆಯ ಮುಖ ಅರಳಿತು.

"ಇವು ಬರೇ ಕಲ್ಲಲ್ರಿ ಅಜ್ಜಾರ. ಜೀವ ಇದ್ದಂಥಾವು, ಸಮುದ್ರದಾಗ ಈಜಾಡತಿದ್ದು. ಅಮ್ಮೋನೈಟ್ ಅಂತಾರ. ಬಸವನಹುಳದ ಚಿಪ್ಪಿನಂಗ ಕಾಣತಾವ, ಒಳಗ ಮಾತ್ರ ಸಾಲಾಗಿ ಕೋಣಿ. ಕಡೀ ಕೋಣ್ಯಾಗ ಆ ಪ್ರಾಣಿ ಇರತಿತ್ತು."

"ಅಲ್ರಿ ಬಾಯಾರ," ಅಂದ ಮಹಾಂತಪ್ಪ, "ನಾವು ಇದ್ದದ್ದು ಸ್ಪಿತಿ ಕಣಿವ್ಯಾಗ. ಅಲ್ಲಿ ಉಸಿರಾಡಾಕ ಗಾಳಿ ಸೈತ ಸಾಲೂದಿಲ್ಲ. ಅಷ್ಟು ಎತ್ತರದಾಗ ಸಮುದ್ರ ಎಲ್ಲಿಂದ ಬಂತು?"

"ಆವಾಗ ಗುಡ್ಡನ ಇರಲಿಲ್ರಿ. ಸಮುದ್ರದ ತಳಾನ ಎದ್ದು ನಿಂತು ಹಿಮಾಲಯ ಆಗೇತಿ."

ಸಿದ್ದಲಿಂಗವ್ವ ತಿರುಗಿದಳು. ಬಾಗಿಲಿಗೆ ಒತ್ತು ಕೊಟ್ಟ ಕಲ್ಲಿನ ಕಡೆ ನೋಡಿದಳು. ದಿನಾ ಕಸ ಹೊಡೆಯುವಾಗ ಕಾಲಿಂದ ಅದನ್ನು ಆಚೆ ಸರಿಸುತ್ತಿದ್ದಳು. ಮೆಲ್ಲಗೆ ಕುಂತು, ಕಾಲು ಮಡಚಿಕೊಂಡಳು.

ಮಹಾಂತಪ್ಪ ಆಗ ಮಡಿವಾಳೆಪ್ಪನ ಹೆಸರು ಎತ್ತಿದ. ಕಿತ್ತೂರ ಹತ್ತಿರದ ದೇಗಾಂವದವನು, ಒಂದೇ ತಂಡದಲ್ಲಿ ಇದ್ದವನು. ಮದ್ದು ಹಾಕಿ ಗುಡ್ಡ ಒಡೆದಾಗ ಉದುರಿದ ಸುರುಳಿಗಳನ್ನು ಇಬ್ಬರೂ ಕೂಡಿಯೇ ಆರಿಸಿದ್ದು. ಒಂದು ದಿನ ಗುಡ್ಡ ಜಾರಿತು. ಮಡಿವಾಳೆಪ್ಪ ಅದರ ಜೋಡಿ ನದಿಗೆ ಹೋದ, ಹೆಣ ಸಿಗಲಿಲ್ಲ.

"ಈ ಕಲ್ಲು ನಮ್ಮ ಸಂಗ್ರಹಾಲಯಕ್ಕ ಕೊಟ್ರ, ಆರಿಸಿದವರ ಹೆಸರು ಕಲ್ಲಿನ ಮಗ್ಗಲಕ ಬರದು ಇಡತೇವ್ರಿ," ಅಂದಳು ರಂಜನಾ.

"ಹಂಗಾದ್ರ ಮಡಿವಾಳೆಪ್ಪನ ಹೆಸರು ಬರೀರಿ. ನನ್ನದು ಬ್ಯಾಡ."

ಅಮಾಸಿಯ ಹಿಂದಿನ ದಿನ, ರವಿವಾರ, ಪೆಟ್ಟಿಗೆ ತಗೊಂಡು ಬರುತ್ತೇನೆಂದು ರಂಜನಾ ಹೋದಳು. ಕೆಂಪು ಬಣ್ಣದಲ್ಲಿ ಬರೆದದ್ದು ಏನೆಂದು ಮನೆಯ ಹೆಣ್ಣುಮಕ್ಕಳಿಗೆ ಯಾರೂ ಬಿಡಿಸಿ ಹೇಳಲಿಲ್ಲ. ಅದು ಹೇಳಬೇಕಾದ ಮಾತೆಂದು ಕಲಿತವಳಿಗೆ ಹೊಳೆಯಲಿಲ್ಲ. ಮಹಾಂತಪ್ಪನಿಗೋ ಅದು ಗೊತ್ತಿದ್ದದ್ದೇ.

ಅವತ್ತು ಸೊಸೆ ನಾಗರತ್ನಾ ಸವದತ್ತಿಯ ಸಂತೆಗೆ ಹೋಗಿದ್ದಳು. ಸಂಜೆ ಬಂದು ಕೇಳಿದವಳೇ ಸೆರಗು ಸಿಕ್ಕಿಸಿದಳು. ನೆರೆಮನೆಯ ಪಾತ್ರೆ ತಿರುಗಿ ಕೊಡುವಾಗಲೂ ತೊಳೆದು, ಒಳಗೆ ಒಂದು ತುಂಡು ಬೆಲ್ಲ ಹಾಕಿ ಕೊಡುವ ಹುಡುಗಿ ಅವಳು. ಮನೆಯಿಂದ ಮಾಸಿದ ವಸ್ತು ಹೊರಗೆ ಹೋಗಬಾರದು, ಅದೂ ಧಾರವಾಡಕ್ಕೆ! ಮಹಾಂತಪ್ಪ ತಂಗಿಯನ್ನು ನೋಡಲು ರಾಮದುರ್ಗಕ್ಕೆ ಹೋಗಿದ್ದೇ ತಡ, ಟ್ರಂಕ್ ಹಿತ್ತಲಿಗೆ ಬಂತು. ಹುಣಸೆಹಣ್ಣು ನೆನೆಹಾಕಿ ಕೊಟ್ಟವಳು ಸಿದ್ದಲಿಂಗವ್ವನೇ. "ಚೊಲೊ ತಿಕ್ಕಾಕತ್ತೀ ಬಿಡವಾ" ಅಂತ ಹೇಳಿ ತಾನು ಹೊಲಕ್ಕೆ ಹೋದಳು. ಅಮಾಸಿಗೆ ಬನ್ನಿಗಿಡದ ಬುಡದ ಕಸ ತೆಗೆದು, ಹೊಲದ ದೇವರಾಗಿ ಕೂತ ಐದು ಪಾಂಡವರ ಕಲ್ಲಿಗೆ, ಅವರ ಹಿಂದೆ ಒಬ್ಬನೇ ಕೂತ ಕರ್ಣನ ಕಲ್ಲಿಗೆ ಸುಣ್ಣ ಬಳಿಯುವುದಿತ್ತು.

ರವಿವಾರ ಮುಂಜಾನೆ ಮಹಾಂತಪ್ಪ ರಾಮದುರ್ಗದ ಬಸ್ಸಿಳಿದು ಮನೆ ಮುಟ್ಟುವುದಕ್ಕೂ ರಂಜನಾಳ ಕಾರು ನಿಲ್ಲುವುದಕ್ಕೂ ಸರಿಹೋಯಿತು. ಪಡಸಾಲೆಯಲ್ಲಿ ಬಿಳೇ ಧೋತರ ಹಾಸಿ, ಅದರ ಮೇಲೆ ಬಾಗಿಲ ಕಲ್ಲನ್ನೂ ಸೇರಿಸಿ ಸುರುಳಿಗಳನ್ನು ಸಾಲಾಗಿ ಇಟ್ಟಿತ್ತು. ಕೊಬ್ಬರಿ ಎಣ್ಣೆ ಸವರಿಸಿಕೊಂಡು ನೇರಳೆಹಣ್ಣಿನಂತೆ ಮಿರಮಿರ ಮಿಂಚುತ್ತಿದ್ದವು.

ರಂಜನಾ ಒಂದು ಎತ್ತಿದಳು, ತಿರುಗಿಸಿದಳು. ಇನ್ನೊಂದು. ಮತ್ತೊಂದು. ಕೈ ಬರಬರುತ್ತ ಜೋರಾಯಿತು.

"ನಂಬರ್ ಎಲ್ಲಿ ಅದಾವ್ರಿ?"

"ಆ ಕೆಂಪು ಬಣ್ಣದ ಕಲಿ ಏನ್ರಿ?" ನಾಗರತ್ನಾ ಹಿಗ್ಗಿನಿಂದ ಮುಂದೆ ಬಂದಳು. "ಅಯ್ಯ, ಬೂದಿ ಹುಣಸಿಹಣ್ಣಿಗೆ ಜಪ್ಪಯ್ಯ ಅಂದ್ರೂ ಹೋಗಲಿಲ್ರಿ. ಕಡೀಕ ಪೇಂಟಿನ ಥಿನ್ನರ್ ಹಚ್ಚಿ ತಂತಿ ಬ್ರಶ್ಶಿಲೆ ತಿಕ್ಕಿದೆ. ನೋಡ್ರಿ, ಬೆರಳು ಸುಲದಾವ. ಸುರುಳ್ಯಾಗಿನ ಮಣ್ಣೂ ಒಂದು ಚೂರು ಬಿಟ್ಟಿಲ್ಲ."

ರಂಜನಾ ಕೂತಲ್ಲೇ ಕಣ್ಣು ಮುಚ್ಚಿದಳು. ಮಹಾಂತಪ್ಪನ ಕೈಯಲ್ಲಿದ್ದ ಚೀಲ ನೆಲಕ್ಕೆ ಬಿತ್ತು, ತಂಗಿ ಕಟ್ಟಿಕೊಟ್ಟ ಶೇಂಗಾದ ಉಂಡೆ ಪಡಸಾಲೆ ತುಂಬ ಉರುಳಾಡಿದವು.

"ಏನಾತ್ರಿ?" ನಾಗರತ್ನಾಳ ಧ್ವನಿ ಸಣ್ಣಗಾಯಿತು.

ರಂಜನಾ ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಚಲೋ ಇತ್ತು ಅನ್ನಿಸಿತು ಸಿದ್ದಲಿಂಗವ್ವನಿಗೆ. "ತಂಗೀ, ಈ ಕಲ್ಲು ಎಲ್ಲಾರ ಸಿಗತಾವ, ಪ್ಯಾಟ್ಯಾಗ ಮಾರಾಕೂ ಇಟ್ಟಿರತಾರ. ಯಾವ ಜಾಗಾದ್ದು, ಗುಡ್ಡದ ಯಾವ ಪದರಿಂದು ಅಂತ ಗೊತ್ತಿದ್ರನ ಇದರ ಬೆಲಿ. ಇವುಗಳ ಜಾತಿ ಲಗೂ ಲಗೂ ಬದಲಾಕ್ಕೋತ ಹೋತು, ದುನಿಯಾದ ಸಮುದ್ರದ ತುಂಬ ಹರಡಿದ್ದು. ಹಂಗಾಗಿ ಯಾವ ಪದರಿನ್ಯಾಗ ಯಾವುದು ಸಿಕ್ತು ಅಂದ್ರ ಆ ಬಂಡೆಗಲ್ಲು ಎಷ್ಟು ಹಳೇದು ಅಂತ ಹೇಳಬಹುದು. ಅಜ್ಜಾರು ಕಲ್ಲು ಆರಿಸಿದ ಗುಡ್ಡದ ದರಿ ಈಗ ಇಲ್ಲ, ನಾ ವಿಚಾರಿಸೀನಿ, ರಸ್ತಾ ಅಗಲ ಮಾಡುವಾಗ ಒಡದ ಹಾಕ್ಯಾರ. ಅದರ ಸಾಕ್ಷಿ ಅಂತ ಉಳದದ್ದು ಇವಷ್ಟ. ಈಗ ಇವಕ್ಕ ಊರೂ ಇಲ್ಲ, ಹೆಸರೂ ಇಲ್ಲ."

"ನಮ್ಮ ಮಾವನ್ನ ಕೇಳ್ರಿ, ಅವ್ರು ಹೇಳತಾರ!"

ಮಹಾಂತಪ್ಪ ಬಗ್ಗಿ ಒಂದು ಕಲ್ಲು ಎತ್ತಿಕೊಂಡ. "ಇದು ಮಡಿವಾಳೆಪ್ಪ…" ಅಂದ. ಕೆಳಗಿಟ್ಟ. ಇನ್ನೊಂದು ಎತ್ತಿದ. "ಅಲ್ಲ. ಅವ ಬೋರ್ಡಿಗೆ ಬರದಂಗ ಚಂದ ಅಕ್ಷರ ಬರೀತಿದ್ದ. ನಮ್ಮ ಸಾಹೇಬ್ರು ಕಲಿಸಿದಂಗ ಮೈಲಿಗಲ್ಲಿನ ನಂಬರ್, ಪದರಿನ ಗೆರಿ, ಎಲ್ಲಾ ಅವನ ಬರದದ್ದು. ತಾ ಆರಿಸಿದ್ದಕ್ಕ ದೇಗಾಂವದ 'ದೇ', ನಂದಕ್ಕ ಹೂಲಿಯ 'ಹೂ'. ಅದನ್ನ ಬಿಟ್ರ ನನಗೇನು ತಿಳೀತದ? ಎಲ್ಲಾ ಒಂದ ನಮೂನಿ ಅದಾವ."

ಕಲ್ಲು ಇಟ್ಟು ಗೋಡೆಗೆ ಒರಗಿದ. ನಾಗರತ್ನಾ ಅಡಿಗೆಮನೆಗೆ ಓಡಿದಳು. ಬಾಯಲ್ಲಿ ಸೆರಗು ತುರುಕಿಕೊಂಡರೂ ಅಳು ಕೇಳುತ್ತಿತ್ತು.

ಸಿದ್ದಲಿಂಗವ್ವ ಉರುಳಿದ ಉಂಡೆ ಆರಿಸುತ್ತ ಕೂತಳು. ಆಕೆಯ ಕಣ್ಣ ಮುಂದೆ ಬಾಯವ್ವ ಬಂದಿದ್ದಳು, ಮಡಿವಾಳೆಪ್ಪನ ಹೆಂಡತಿ. ಹಿಂದಕ್ಕೆ ಒಮ್ಮೆ ದೇಗಾಂವದಿಂದ ಇದೇ ಪಡಸಾಲೆಗೆ ಬಂದು ಕೂತಿದ್ದಳು. "ಅಣ್ಣಾ, ಎಲ್ಲಿ ಮಣ್ಣು ಮಾಡಿದ್ರಿ ಅಷ್ಟ ಹೇಳ್ರಿ" ಅಂದಿದ್ದಳು. ಹೆಣ ಸಿಗಲಿಲ್ಲವೆಂದು ಮಹಾಂತಪ್ಪ ಹೇಳಿದ. "ಮಣ್ಣಾಗ ಮೊಳಕೈ ಜಾಗ ಸೈತ ಸಿಗಲಿಲ್ಲಲ್ಲವಾ ನನ್ನ ಗಂಡಗ," ಅಂತ ಆಕೆ ಎದ್ದುಹೋಗಿದ್ದಳು. ಅವನ ಹೆಸರು ಧಾರವಾಡದಲ್ಲಿ ಒಂದು ಕಲ್ಲಿನ ಮಗ್ಗುಲಲ್ಲಿ ಇದ್ದಿದ್ದರೆ, ಹೋಗಿ ಕೈಮುಗಿಯಲು ಆ ಮುದುಕಿಗೆ ಒಂದು ಜಾಗ ಆಗುತ್ತಿತ್ತು.

ಹಾಗೆ ಕೂತಾಗಲೇ ನೆನಪಾಯಿತು.

ಎಲ್ಲರಿಗೂ ಗೊತ್ತಿದ್ದದ್ದೇ, ಎಲ್ಲರೂ ಮರೆತದ್ದು. ಟ್ರ್ಯಾಕ್ಟರ್ ಗಾಲಿ ಹಾಯ್ದು ಹೊಲದ ಹಳೇ ಕರ್ಣ ಒಡೆದ ವರ್ಷ, ರಜೆಗೆ ಬಂದಿದ್ದ ಮಹಾಂತಪ್ಪ ಟ್ರಂಕಿನಿಂದ ಎಲ್ಲಕ್ಕಿಂತ ದೊಡ್ಡ ಸುರುಳಿ ತೆಗೆದುಕೊಟ್ಟಿದ್ದ. ಮಡಿವಾಳೆಪ್ಪ ಕಡೇ ದಿನ ಆರಿಸಿದ್ದು. "ದೂರದಿಂದ ಬಂದಾನ, ಕರ್ಣ ಆಗಿ ಕುಂಡರಲಿ" ಅಂದಿದ್ದ. ಅವತ್ತಿನಿಂದ ವರ್ಷಾ ಸುಣ್ಣ, ವರ್ಷಾ ಕುಂಕುಮ. ಅದು ಟ್ರಂಕಿನ ಕಲ್ಲು ಅನ್ನುವುದೇ ಮನೆಯವರ ತಲೆಯಿಂದ ಹೋಗಿತ್ತು.

ಹೇಳಿದರೆ ಹೊಲದ ದೇವರು ಹೋಗುತ್ತಾನೆ. ಹೇಳದಿದ್ದರೆ ಯಾರೂ ಕೇಳುವವರಿಲ್ಲ. ರಂಜನಾ ಖಾಲಿ ಪೆಟ್ಟಿಗೆಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. ಸಿದ್ದಲಿಂಗವ್ವ ಎದ್ದು ಆಕೆಯ ಕೈ ಹಿಡಿದಳು.

"ಬಾಯಾರ, ಪೆಟಗಿ ಕಟ್ಟಬ್ಯಾಡ್ರಿ. ತೊಳೀಲಾರದ್ದು ಒಂದು ಐತಿ."

ಮಹಾಂತಪ್ಪ ತಲೆ ಎತ್ತಿದ. ಹೆಂಡತಿಯ ಮುಖ ನೋಡಿದ್ದೇ ಅವನಿಗೆ ತಿಳಿಯಿತು. "ಏ, ಬ್ಯಾಡ. ಆ ಹೊಲದ ದೇವ್ರಿಗೆ ನೀ ಇಷ್ಟು ವರ್ಷ ನಡಕೊಂಡು ಬಂದೀ."

"ಕೊಡೂದು ಕರ್ಣಗ ಹೊಸಾದೇನ್ರಿ? ಏಳ್ರಿ, ಹೋಗೂಣು."

ಬನ್ನಿಗಿಡದ ಬುಡದಲ್ಲಿ ರಂಜನಾ ಚಪ್ಪಲಿ ಬಿಟ್ಟು, ನೆಲದ ಮೇಲೆ ಕೂತು, ಕರ್ಣನನ್ನು ತೊಡೆಯ ಮೇಲೆ ತಗೊಂಡಳು. ಸುರುಳಿ ಕಾಣುತ್ತಲೇ ಇರಲಿಲ್ಲ, ಸುಣ್ಣದ ಮುದ್ದೆ. ಬೇವಿನ ಕಡ್ಡಿಯಿಂದ ಮೆಲ್ಲಗೆ ಕೆದರಿದಳು. ಮೊನ್ನೆ ಬಳಿದ ಸುಣ್ಣ ಉದುರಿತು, ಅದರ ಕೆಳಗೆ ಕುಂಕುಮದ ಕೆಂಪು, ಅದರ ಕೆಳಗೆ ಮತ್ತೆ ಸುಣ್ಣ.

"ನೋಡ್ರಿ ಅವ್ವಾರ, ಗುಡ್ಡದಾಗೂ ಹಿಂಗ ಪದರು ಇರತಾವ. ಕೆಳಗಿಂದು ಹಳೇದು, ಮ್ಯಾಗಿಂದು ಹೊಸಾದು."

"ಹಂಗಾದ್ರ ಒಂದೊಂದು ಪದರು ಒಂದೊಂದು ಅಮಾಸಿ," ಅಂದಳು ಸಿದ್ದಲಿಂಗವ್ವ. "ಆ ಕೆಳಗ ಎಲ್ಲೋ ಗೌರೀಶ ನನ್ನ ಬಗಲಾಗ ಇದ್ದ."

ಕಡ್ಡಿ ನಿಂತಿತು. ಸುಣ್ಣದ ಒಂದು ದೊಡ್ಡ ಹಕ್ಕಳೆ ಒಮ್ಮೆಲೇ ಎದ್ದು ಬಂತು. ಅದರ ಕೆಳಗೆ ಕೆಂಪು ಬಣ್ಣ, ನಿನ್ನೆ ಬರೆದಂತೆ. ಮೈಲಿಗಲ್ಲಿನ ನಂಬರು, ಪದರಿನ ಗೆರೆಗಳು, ಬೋರ್ಡಿನ ಅಕ್ಷರದಂಥ ದುಂಡಗಿನ ಒಂದು 'ದೇ'. ಸುರುಳಿಯ ಸಂದಿಯಲ್ಲಿ ಆ ಗುಡ್ಡದ ಬೂದುಮಣ್ಣು ಹಾಗೇ ಕೂತಿತ್ತು.

ಮಹಾಂತಪ್ಪ ಬೆರಳು ಮುಂದೆ ಚಾಚಿದ, ಮುಟ್ಟಲಾಗದೆ ಹಿಂದಕ್ಕೆ ತಗೊಂಡ.

"ಇದೊಂದು ಸಾಕ್ರಿ," ಅಂದಳು ರಂಜನಾ. "ಆ ದರಿಯಾಗ ಏನಿತ್ತು ಅಂತ ಹೇಳಾಕ ಇದೊಂದಾದ್ರೂ ಉಳೀತು."

ದೂರ ನಿಂತಿದ್ದ ನಾಗರತ್ನಾ ಮೂಗು ಒರೆಸಿಕೊಳ್ಳುತ್ತ, "ಅತ್ತೀ, ಒಂದು ಅರಿಬಿ ತಂದು ಒರಸ್ಲಿ?" ಅಂದಳು.

"ಮುಟ್ಟಿದ್ರ ಕೈ ಮುರದೇನು!" ಅಂದಳು ಸಿದ್ದಲಿಂಗವ್ವ. ಅಳುವವರೂ ನಕ್ಕರು.

ಅವತ್ತೇ ಒಯ್ಯಲು ಕೊಡಲಿಲ್ಲ ಆಕೆ. "ನಾಳಿ ಸ್ವಾಮಾರ, ಅಮಾಸಿ. ಚರಗ ಚೆಲ್ಲಿ ಎಡಿ ಉಣ್ಣೂತನಕ ಹೊಲದಾಗಿನವರು ಯಾರೂ ಊರು ಬಿಡೂದಿಲ್ಲ. ಮಂಗಳಾರ ದೇವ್ರನ್ನ ಹೊರಗ ಕಳಸೂದಿಲ್ಲ. ಬುಧವಾರ ಬರ್ರಿ." ರಂಜನಾ ಒಪ್ಪಿ ತವರಿಗೆ ಹೋದಳು.

ಅಮಾಸಿ ದಿನ ಕರ್ಣನಿಗೆ ತಿರುಗಿ ಸುಣ್ಣ ಹಚ್ಚಲಿಲ್ಲ. ಎಡೆ ಮಾತ್ರ ಮೊದಲು ಅವನಿಗೇ ಹಿಡಿದಳು ಸಿದ್ದಲಿಂಗವ್ವ. ಸಜ್ಜೆಯ ಕಡುಬು, ಪುಂಡಿಪಲ್ಲೆ, ಎಳ್ಳಿನ ಹೋಳಿಗೆ. ಉಳಿದದ್ದನ್ನು ಗೌರೀಶ ಬುಟ್ಟಿಯಲ್ಲಿ ಹೊತ್ತು ಜೋಳದ ಸಾಲಿನಲ್ಲಿ ಚೆಲ್ಲುತ್ತ ನಡೆದ.

ಬುಧವಾರ ಮುಂಜಾನೆ ಕಾರು ಬಂತು. ಅರಳೆ ಹಾಸಿದ ಪೆಟ್ಟಿಗೆಯನ್ನು ಮಹಾಂತಪ್ಪ ಯಾರ ಕೈಗೂ ಕೊಡದೆ ತೊಡೆಯ ಮೇಲೆ ಇಟ್ಟುಕೊಂಡು ಕೂತ. ಧಾರವಾಡಕ್ಕೆ ನೇರ ಹೋಗದೆ ಬೈಲಹೊಂಗಲ, ಕಿತ್ತೂರ ಮೇಲಿಂದ ಸುತ್ತು ಹಾಕಿ ಹೋಗುವುದೆಂದು ಆಗಿತ್ತು. ದೇಗಾಂವದಲ್ಲಿ ಬಾಯವ್ವ ಕಾಯುತ್ತಿದ್ದಳು. ಗಂಡ ಬರೆದ ಅಕ್ಷರದ ಮೇಲೆ ಆಕೆ ಒಮ್ಮೆ ಕೈ ಆಡಿಸಬೇಕು.

ಸಿದ್ದಲಿಂಗವ್ವ ಪೆಟ್ಟಿಗೆಯ ಮುಚ್ಚಳ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. "ಹುಷಾರಿಲೆ ಕರಕೊಂಡು ಹೋಗ್ರಿ," ಅಂದಳು. ಯಾರಿಗೆ ಯಾರ ಬಗ್ಗೆ ಹೇಳಿದಳೋ. ಹೀಗೆ ಹೂಲಿಯ ಹೊಲದಿಂದ ಕರ್ಣ ಹೋದದ್ದು ಎಳ್ಳಮಾಸಿ ಕಳೆದ ಬುಧವಾರ.