ಗೋಡೆ ಮೇಲಿನ ವಾರಗಿತ್ತಿ

"ನೀನಲ್ಲ ಕಣೇ, ಆಚೆ ಸರಿ. ನಿನ್ನ ಸುಟ್ಟ ಮೂತಿ ನೋಡಿದ್ರೆ ಬೀಳೋ ಓಟೂ ಬೀಳಲ್ಲ. ಅವಳನ್ನ ಕರಿ."

ಅವಳು ಎಂದರೆ ನನ್ನ ವಾರಗಿತ್ತಿ. ಹೇಳಿದವನು ನಮ್ಮ ಲಾಂಡ್ರಿಯ ಧಣಿ. ಈ ಸಲ ವಿಧಾನಸಭೆಗೆ ನಿಂತಿದ್ದ. ಫೋಟೊದವನು ಕ್ಯಾಮೆರಾ ಹಿಡಿದು ಕಾಯುತ್ತಿದ್ದ. ನಾನು ಆಸ್ಪತ್ರೆಯ ರಕ್ತ ಮೆತ್ತಿದ ಚಾದರಗಳನ್ನು ಕುದಿನೀರಿನ ತೊಟ್ಟಿಯಿಂದ ಎತ್ತುತ್ತಿದ್ದೆ. ನನ್ನ ಎಡಗೆನ್ನೆ ಸುಟ್ಟದ್ದು ಅದೇ ತೊಟ್ಟಿಯ ಹಬೆಗೆ. ವಾರಗಿತ್ತಿಗೆ ಒಣಗಿದ ಚಾದರ ಮಡಚುವ ಕೆಲಸ. ಕೂದಲು ಸರಿಮಾಡಿಕೊಂಡು ಹೋಗಿ ಅವನ ಪಕ್ಕ ನಿಂತು ನಕ್ಕಳು.

ವಾರದೊಳಗೆ ಆ ನಗು ಊರಿನ ಎಲ್ಲ ಗೋಡೆಗೂ ಹತ್ತಿತು. ಕೆಳಗೆ ದಪ್ಪ ಅಕ್ಷರದಲ್ಲಿ, 'ಅಕ್ಕತಂಗಿಯರ ನಂಬಿಕೆಯ ಅಣ್ಣ'. ನನಗೆ ಹೊಟ್ಟೆಕಿಚ್ಚು, ಮುಚ್ಚಿಡುವುದೇನು? ಕೈಗವಸು ಕೇಳಿ ಗೇಟಿಗೆ ಅಡ್ಡ ಕೂತವಳು ನಾನು, ಒದೆ ತಿಂದವಳು ನಾನು, ಗೋಡೆ ಏರಿದವಳು ಇವಳು. ಮನೆಯಲ್ಲಿ ಅತ್ತೆ ಕೂಡ ಅವಳ ತಟ್ಟೆಗೇ ಮೊದಲು ಬಡಿಸತೊಡಗಿದಳು. ಒಂದು ದಿನ ಬಸ್ ಸ್ಟಾಪಿನ ಗೋಡೆಯಲ್ಲಿ ಅವಳ ಒಂದು ಕಣ್ಣನ್ನು ಉಗುರಿನಿಂದ ಕೆರೆದು ಬಂದೆ. ಅವತ್ತು ಚೆನ್ನಾಗಿ ನಿದ್ದೆ ಬಂತು.

ಆ ಉರಿಯಲ್ಲೇ ನಾನೂ ನಿಲ್ಲುತ್ತೇನೆಂದು ನಾಮಪತ್ರ ತಂದೆ. ತಪ್ಪಾದರೆ ಇರಲಿ ಎಂದು ಎರಡು ಪ್ರತಿ. ಹತ್ತು ಜನ ಸೂಚಕರ ಸಹಿ ಬೇಕು. ತೊಟ್ಟಿಯ ಹೆಂಗಸರು ಒಂಬತ್ತು ಜನ ಹಾಕಿದರು, ಮಿಕ್ಕವರಿಗೆ ಧಣಿಯ ಭಯ. ಕಡೆಯ ದಿನ ಮಧ್ಯಾಹ್ನ ಮೂರಕ್ಕೆ ಚುನಾವಣಾ ಕಚೇರಿಯ ಬಾಗಿಲು ಹಾಕುತ್ತಾರೆ. ಅವತ್ತು ಹನ್ನೆರಡಾದರೂ ಹತ್ತನೆಯವಳು ಸಿಕ್ಕಿರಲಿಲ್ಲ.

ಆಗ ವಾರಗಿತ್ತಿ ಧಣಿಯ ಕೋಣೆಯಿಂದ ಹೊರಬಂದಳು. ಮುಖ ಕಪ್ಪಿಟ್ಟಿತ್ತು.

"ಏನಾಯ್ತೇ?"

"ಕೇಳ್ದೆ ಅಕ್ಕ. ಹೆಂಗಸರ ಓಟು ಅರ್ಧಕ್ಕರ್ಧ ಬೇಕು, ಪಾರ್ಟಿ ಟಿಕೆಟ್ ಮಾತ್ರ ಇಡೀ ರಾಜ್ಯದಲ್ಲಿ ಐದೇ ಹೆಂಗಸರಿಗೆ, ಅದೂ ನಿಮ್ಮ ನಿಮ್ಮ ಹೆಂಡ್ತೀರಿಗೆ, ಯಾಕೆ ಅಂತ. ನಿನಗೆ ನನ್ನ ತೊಡೆ ಮೇಲೆ ಜಾಗ ಇದೆ ಬಾ ಅಂದ, ಹಲ್ಕಾ ನನ್ಮಗ. ಒಳಗಿದ್ದೋರೆಲ್ಲ ನಕ್ರು."

ಒಳಗೊಳಗೇ ನನಗೆ ಖುಷಿಯಾಯಿತು. ನಾಮಪತ್ರ ಮುಂದೆ ಹಿಡಿದು "ಹಾಗಾದ್ರೆ ಸಹಿ ಹಾಕು" ಎಂದೆ.

ಅವಳು ಪೂರ್ತಿ ಓದಿದಳು. "ಹಾಕ್ತೀನಿ. ಆದ್ರೆ ಅಕ್ಕ, ನಿನ್ನ ಮುಖ ಯಾರಿಗೆ ಗೊತ್ತು? ನನ್ನದನ್ನ ಅವನೇ ಅವನ ದುಡ್ಡಲ್ಲಿ ಊರೆಲ್ಲ ಅಂಟಿಸಿದಾನೆ."

"ಲೌಡಿ, ಇದೂ ನಿನಗೇ ಬೇಕಾ?"

"ಬೇಡ ಅಂದ್ರೆ ಬಿಡು. ಪೆನ್ನು ಕೊಡು, ಹಾಕ್ತೀನಿ."

ಪೆನ್ನು ಕೊಡಲಾಗಲಿಲ್ಲ. ಅವಳ ಮಾತು ಸರಿ ಎಂಬುದೇ ನನ್ನನ್ನು ಇನ್ನಷ್ಟು ಉರಿಸಿತು. ಎರಡನೇ ಪ್ರತಿ ತೆಗೆದು ಅವಳ ಹೆಸರು ಬರೆದೆ. ಒಂಬತ್ತು ಹೆಂಗಸರು ನನ್ನ ಮುಖ ನೋಡಿಕೊಂಡೇ ಮತ್ತೆ ಸಹಿ ಹಾಕಿದರು. ಹತ್ತನೆಯದು ನಾನು ಹಾಕಬೇಕಿತ್ತು, ಹಾಕದೆ ಹಾಗೇ ಮಡಚಿಟ್ಟುಕೊಂಡೆ.

ಕಚೇರಿಯಲ್ಲಿ ಚುನಾವಣಾ ಅಧಿಕಾರಿ ನಮ್ಮ ಮೈವಾಸನೆಗೆ ಮೂಗಿನ ಮೇಲೆ ಕರವಸ್ತ್ರ ಇಟ್ಟುಕೊಂಡ. "ಅಭ್ಯರ್ಥಿ ಯಾವನು? ಹೊರಗಿದ್ರೆ ಕರೀರಿ. ಹತ್ತನೇ ಸಹಿ ಎಲ್ಲಮ್ಮ?"

ಗಡಿಯಾರದಲ್ಲಿ ಮೂರಕ್ಕೆ ಎರಡು ನಿಮಿಷ. ವಾರಗಿತ್ತಿ ನನ್ನನ್ನೇ ನೋಡುತ್ತಿದ್ದಳು, ನಗದೆ. ಈ ಮುಂಡೆ ಗೆದ್ದರೆ ನಾನು ಸಾಯುವತನಕ ಉರಿಯಬೇಕು.

ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದೆ. ಅವಳ ರಟ್ಟೆ ಹಿಡಿದು ಮುಂದಕ್ಕೆ ತಳ್ಳಿದೆ.

"ಯಾವನೂ ಅಲ್ಲ, ಇವಳು. ಕುರ್ಚಿ ಹಾಕಯ್ಯ ಇವಳಿಗೆ."