ಒಂದನೇ ತರಗತಿಯ ಪಾಲು

ಮಗಳು ತೀರಿಕೊಂಡ ಮರುವರ್ಷ ಮೊಮ್ಮಗಳನ್ನು ಒಂದನೇ ತರಗತಿಗೆ ಸೇರಿಸುವ ಕಾಲ ಬಂತು. ನಮಗೆ ಹತ್ತಿರದಲ್ಲಿರುವುದು ಎರಡು ಸರ್ಕಾರಿ ಶಾಲೆ. ಒಂದು ಹೆದ್ದಾರಿಯ ಪಕ್ಕದ್ದು, ಇನ್ನೊಂದು ಗುಡ್ಡದ ಮೇಲಿನದು. ಗುಡ್ಡದ ಶಾಲೆಯಲ್ಲಿ ನನ್ನ ಮಗಳೇ ಟೀಚರಾಗಿದ್ದಳು. ಅವಳ ಕೂಸು ಅವಳ ಶಾಲೆಯಲ್ಲೇ ಅಕ್ಷರ ಕಲಿಯಲಿ ಎಂದು ನಾನು ದೇವರಲ್ಲಿ ದಿನವೂ ಬೇಡಿಕೊಳ್ಳುತ್ತಿದ್ದೆ. ಬೇರೇನೂ ಬೇಡುವ ಮನಸ್ಸು ಆಗ ನನಗಿರಲಿಲ್ಲ.

ಅಳಿಯ ಬಸ್ ಡ್ರೈವರ್. ಅವನಿಗೆ ಹೆದ್ದಾರಿಯ ಶಾಲೆಯೇ ಆಗಬೇಕು. ಆದರೂ ವಾದಕ್ಕೆ ನಿಲ್ಲಲಿಲ್ಲ.

"ರಜಾ ಹಾಕಿದೀನಿ ಅತ್ತೆ. ಎರಡನ್ನೂ ಒಂದೇ ದಿನ ನೋಡಿಬಿಡೋಣ. ಆಮೇಲೆ ನೀವು ಹೇಳಿದ ಹಾಗೆ," ಎಂದ. ನಾನು ಏನು ಹೇಳುವೆನೆಂದು ಗೊತ್ತಿದ್ದೂ ಹಾಗೆ ಅಂದದ್ದು ಅವನ ದೊಡ್ಡತನ.

ಮಗುವನ್ನು ನಾವು ಕರೆಯುವುದು ಗುಬ್ಬಿ ಎಂದು. ತಾಯಿ ಹೋದ ಮೇಲೆ ಗುಬ್ಬಿಯ ಬಾಯಿಂದ ಮಾತು ಹೊರಡುವುದೇ ಅಪರೂಪವಾಗಿತ್ತು. ಹೆದ್ದಾರಿ ಶಾಲೆಯ ಗೇಟಿನಲ್ಲಿ ಅಪ್ಪನ ಕಾಲು ತಬ್ಬಿಕೊಂಡು ನಿಂತಳು. ಅಲ್ಲಿ ತರಗತಿಗೊಂದು ಕೋಣೆ, ಕೋಣೆಗೊಬ್ಬ ಟೀಚರ್. ಬೆಂಚುಗಳಿಗೆ ಇನ್ನೂ ವಾರ್ನಿಷ್ ವಾಸನೆಯಿತ್ತು. ಮುಖ್ಯ ಟೀಚರ್ ಬಗ್ಗಿ ಹೆಸರು ಕೇಳಿದರು. ಮಗು ತುಟಿ ಬಿಚ್ಚಲಿಲ್ಲ.

"ಹೆಸರು ನಿನ್ನ ಹತ್ರಾನೇ ಇಟ್ಕೋ, ಯಾರೂ ಕಿತ್ಕೊಳ್ಳಲ್ಲ. ಕಿಟಕಿ ಪಕ್ಕ ಕೂರ್ತೀಯೋ, ಬಾಗಿಲ ಪಕ್ಕವೋ?"

ಗುಬ್ಬಿ ಬೆರಳೆತ್ತಿ ಕಿಟಕಿ ತೋರಿಸಿದಳು.

ನಾನು ಮಾತ್ರ ಹುಳುಕು ಹುಡುಕುತ್ತಲೇ ಇದ್ದೆ. ಗೋಡೆಯ ಬಣ್ಣ ಕಣ್ಣಿಗೆ ರಾಚುತ್ತದೆ, ಲಾರಿಗಳ ಸದ್ದಿನಲ್ಲಿ ಪಾಠ ಕೇಳುವುದು ಹೇಗೆ, ಇಷ್ಟು ಮಕ್ಕಳ ನಡುವೆ ನಮ್ಮದನ್ನು ಯಾರು ನೋಡುತ್ತಾರೆ. ಅಳಿಯ ನಕ್ಕುಬಿಟ್ಟ.

"ಖಾಲಿ ಬಸ್ಸಲ್ಲೂ ಸೀಟು ಸರಿಯಿಲ್ಲ ಅನ್ನೋ ಪ್ಯಾಸೆಂಜರು ನೀವು."

"ಗುಡ್ಡ ಹತ್ತಿ ನೋಡು, ಆಮೇಲೆ ಹೇಳುವೆಯಂತೆ," ಎಂದೆ.

ಗುಡ್ಡದ ಶಾಲೆಗೆ ಇರುವುದು ಒಂದೇ ಕೋಣೆ. ಮೂರು ತರಗತಿಗೂ ಒಬ್ಬರೇ ಮೇಷ್ಟ್ರು, ಒಂದೇ ಕರಿಹಲಗೆ. ಹಲಗೆಯ ಮೇಲೆ ಎರಡು ಗೆರೆ ಎಳೆದು ಮೂರು ಪಾಲು ಮಾಡಿ, ತರಗತಿಗೊಂದು ಪಾಲಿನಂತೆ ಪಾಠ ಬರೆಯುವ ಪದ್ಧತಿ ನನ್ನ ಮಗಳದೇ. ಈಗಿನ ಮೇಷ್ಟ್ರು ಚಿಕ್ಕ ವಯಸ್ಸಿನವರು, ಅವಳ ಕೈಕೆಳಗೆ ಕೆಲಸ ಕಲಿತವರು. ನನ್ನನ್ನು ಕಂಡದ್ದೇ ಓಡಿ ಬಂದು ಕಾಲಿಗೆರಗಿದರು.

ಒಳಗೆ ಕಾಲಿಟ್ಟೆ. ಹಲಗೆಯ ಎಡಗಡೆಯ ಪಾಲಿನಲ್ಲಿ ನನ್ನ ಮಗಳ ದುಂಡಗಿನ ಅಕ್ಷರಗಳು ಹಾಗೇ ಇದ್ದವು: "ನಾಳೆ ಎಲ್ಲರೂ ಒಂದೊಂದು ಎಲೆ ತನ್ನಿ."

"ಟೀಚರ್ ಕೊನೇ ದಿನ ಬರೆದದ್ದು, ಅಮ್ಮ. ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ," ಎಂದರು ಮೇಷ್ಟ್ರು. ಅವಳು ಕೂರುತ್ತಿದ್ದ ಕುರ್ಚಿಯೂ ಖಾಲಿಯೇ ಇತ್ತು. ಅವರು ನಿಂತೇ ಪಾಠ ಮಾಡುತ್ತಾರಂತೆ.

ದೇವರು ನನ್ನ ಮೊರೆ ಕೇಳಿದ್ದಾನೆ ಎಂದುಕೊಂಡೆ. ಇದಕ್ಕಿಂತ ಬೇರೆ ಶಾಲೆ ಬೇಕೆ?

ಅಷ್ಟರಲ್ಲಿ ಮಕ್ಕಳು "ಟೀಚರ್ ಮಗಳು, ಟೀಚರ್ ಮಗಳು" ಎಂದು ಗುಬ್ಬಿಯನ್ನು ಮುತ್ತಿಕೊಂಡರು. ಒಬ್ಬಳು ಅವಳ ಕೆನ್ನೆ ಸವರಿ ಬಿಕ್ಕತೊಡಗಿದಳು. ಅವಳನ್ನು ನೋಡಿ ಇನ್ನೊಬ್ಬಳು. ಮೇಷ್ಟ್ರು ಗುಬ್ಬಿಯ ಕೈ ಹಿಡಿದು, "ಬಾ ಪುಟ್ಟಿ, ಅಮ್ಮನ ಕುರ್ಚಿ ಪಕ್ಕಾನೇ ನಿನ್ನ ಜಾಗ," ಎಂದು ಕಣ್ಣೊರೆಸಿಕೊಂಡರು. ಆಮೇಲೆ ನನ್ನತ್ತ ತಿರುಗಿ ತಗ್ಗಿದ ದನಿಯಲ್ಲಿ, "ಇವಳು ಬಂದ್ರೆ ಶಾಲೆ ಉಳಿಯುತ್ತೆ ಅಮ್ಮ. ಮಕ್ಕಳು ಕಮ್ಮಿ ಅಂತ ಮೇಲಿನವರು ಇದನ್ನ ಮುಚ್ಚಿ ಹೆದ್ದಾರಿ ಶಾಲೆಗೆ ಸೇರಿಸೋಕೆ ನೋಡ್ತಿದಾರೆ. ಒಂದು ಮಗು ಸೇರಿದ್ರೂ ನಮಗೆ ಸಾಕು," ಎಂದರು.

ಒಂದನೇ ತರಗತಿಯ ಪುಟಾಣಿಗಳು ನೆಲದ ಮೇಲೆ ಬೋರಲಾಗಿ ಮಲಗಿ ಸಿಮೆಂಟಿನ ಮೇಲೆ ಅ, ಆ ತಿದ್ದುತ್ತಿದ್ದರು. ಅವರ ಮೊಣಕೈಗಳೆಲ್ಲ ಬೆಳ್ಳಗಾಗಿದ್ದವು.

"ಇವರು ಯಾಕೆ ನೆಲದ ಮೇಲೆ?" ಎಂದು ಕೇಳಿದೆ.

ಮೇಷ್ಟ್ರು ಹಲಗೆಯ ಎಡಗಡೆ ನೋಡಿ ತಲೆ ತಗ್ಗಿಸಿದರು. ಅದು ಒಂದನೇ ತರಗತಿಯ ಪಾಲು.

ಗುಬ್ಬಿ ಕೈ ಬಿಡಿಸಿಕೊಂಡು ಬಂದು ನನ್ನ ಸೆರಗು ಜಗ್ಗಿದಳು. "ಅಜ್ಜೀ, ಇಲ್ಲಿ ದಿನಾ ಅಳ್ತಾರಾ?"

ಎಷ್ಟೋ ದಿನಗಳ ಮೇಲೆ ಅವಳಾಗಿಯೇ ಕೇಳಿದ ಪ್ರಶ್ನೆ. ಅಳಿಯ ಬಾಗಿಲಲ್ಲೇ ನಿಂತಿದ್ದ. ಹೆಂಡತಿಯ ಅಕ್ಷರ ನೋಡಲಾರದೆ ಅವನು ಒಳಗೆ ಬಂದೇ ಇರಲಿಲ್ಲ.

ನಾನು ಹಲಗೆಯ ಹತ್ತಿರ ಹೋದೆ. ವರ್ಷದ ಸೀಮೆಸುಣ್ಣ ಹಲಗೆಗೆ ಕಚ್ಚಿಕೊಂಡಿತ್ತು. ಅಂಗೈಯಿಂದ ಒತ್ತಿ ಒತ್ತಿ ಉಜ್ಜಬೇಕಾಯಿತು. "ಎಲೆ" ಎಂಬಲ್ಲಿಗೆ ಬಂದಾಗ ಕೈ ನಿಂತಿತು. ದೇವರ ಹೆಸರು ಹೇಳಿಕೊಂಡು ಅದನ್ನೂ ಒರೆಸಿದೆ.

"ಅಮ್ಮಾ!" ಎಂದರು ಮೇಷ್ಟ್ರು.

"ಮಗುವನ್ನ ಹೆದ್ದಾರಿ ಶಾಲೆಗೇ ಕಳಿಸ್ತೀವಿ ಕಣಪ್ಪ," ಎಂದೆ.

ಅವರ ಮುಖ ಕಪ್ಪಿಟ್ಟಿತು. "ಹಾಗಿದ್ರೆ ಅಳಿಸಿದ್ದಾದ್ರೂ ಯಾಕೆ? ಶಾಲೆಯೂ ಹೋಯ್ತು, ಅವರ ಅಕ್ಷರವೂ ಹೋಯ್ತು. ನಮಗೆ ಏನು ಉಳೀತು?"

"ಶಾಲೆ ಇರೋ ತನಕ ಈ ಮಕ್ಕಳು ನೆಲದ ಮೇಲೆ ಬರೆಯೋದು ಬೇಡ. ಅವಳು ಇದ್ದಿದ್ರೆ ಒಂದು ದಿನವೂ ಬಿಡ್ತಿರಲಿಲ್ಲ."

ಅವರು ಗೋಡೆಯತ್ತ ತಿರುಗಿ ನಿಂತರು. ಬರುವಾಗ ಕೈ ಮುಗಿದೆ, ನೋಡಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಮಗಳ ನೆನಪನ್ನು ಅಷ್ಟು ಜೋಪಾನವಾಗಿ ಕಾದವರು ನಮ್ಮ ಮನೆಯಲ್ಲೂ ಯಾರೂ ಇರಲಿಲ್ಲ.

ಇಳಿಜಾರಿನಲ್ಲಿ ಗುಬ್ಬಿ ಅಪ್ಪನ ಹೆಗಲೇರಿ, ಕಿಟಕಿಯಿಂದ ಬಸ್ಸು ಕಾಣುತ್ತದೆಯೇ ಎಂದು ಕೇಳಿದಳು.

"ಕಾಣುತ್ತೆ. ಹಾರ್ನ್ ಹೊಡೀತೀನಿ. ಪಾಠ ಬಿಟ್ಟು ನೋಡಿದ್ರೆ ಮಾತ್ರ ಟೀಚರ್ ಹತ್ರ ಚಾಡಿ ಹೇಳ್ತೀನಿ," ಎಂದ. ನಾನು ಹಿಂದೆ ಹಿಂದೆ ನಡೆದೆ.

ಸಂಜೆ ದೀಪ ಹಚ್ಚಲು ಕೂತೆ. ಕೈ ತೊಳೆಯದೆ ದೇವರ ಮುಂದೆ ಕೂತವಳಲ್ಲ ನಾನು. ಅಂದು ಅಂಗೈಯಲ್ಲಿ ಇನ್ನೂ ಬೆಳ್ಳಗೆ ಸೀಮೆಸುಣ್ಣವಿತ್ತು. ತೊಳೆಯಲಿಲ್ಲ. ಹಾಗೆಯೇ ಕೈ ಮುಗಿದೆ.