ಗೋಡೆ ಹಿಡಿದು ನಡೆದವನು

ಶಾಮಿಯಾನದ ನಾಲ್ಕನೆಯ ಕಂಬ ನಿಲ್ಲಲೊಲ್ಲದು. ಗಲ್ಲಿಗೆ ಕಾಂಕ್ರೀಟು ಬಿದ್ದ ಮೇಲೆ ಗುಂಡಿ ತೋಡುವ ಹಾಗಿರಲಿಲ್ಲ, ಹಗ್ಗ ಕಟ್ಟಲು ಎದುರು ಮನೆಯವರ ಕಿಟಕಿಯೇ ಗತಿ. ಶಾಮಿಯಾನದವರು ಹಗ್ಗ ಹಿಡಿದು ಆ ಕಡೆ ಹೋದದ್ದೇ ತಡ, ಕಂಬ ಈ ಕಡೆ ವಾಲಿತು. ಪಕ್ಕದಲ್ಲೇ ಇದ್ದ ವೇಣಿ ಎರಡೂ ಕೈಯಿಂದ ಅದನ್ನು ತಬ್ಬಿ ನಿಂತಳು. ಸತ್ತವನ ಮಗಳು ಕಂಬ ಹಿಡಿದು ನಿಲ್ಲುವುದು ಚೆನ್ನಾಗಿರುತ್ತದೆಯೇ ಎಂದು ಯಾರೋ ಗದರಿದರು. ಹಗ್ಗ ಬಿಗಿಯುವ ತನಕ ಅವಳು ಕೈ ಬಿಡಲಿಲ್ಲ.

ನೆರಳು ಬಿದ್ದ ಜಾಗದಲ್ಲಿ, ಬೆಂಚಿನ ಮೇಲೆ, ಅವಳ ಅಪ್ಪ ಮುನಿರಾಜು ಮಲಗಿದ್ದ. ಎದೆಗೆ ಕಫ ಕಟ್ಟಿ ಆಸ್ಪತ್ರೆ ಸೇರಿದವನು ನಿನ್ನೆ ಸಂಜೆ ತೀರಿಕೊಂಡಿದ್ದ. ಬದುಕಿದ್ದಾಗ ಒಂದು ಗಳಿಗೆ ನೆಟ್ಟಗೆ ನಿಲ್ಲಲಾರದ ಮನುಷ್ಯನನ್ನು ಈಗ ಕೈಕಾಲು ಕಟ್ಟಿ ನೆಟ್ಟಗೆ ಮಲಗಿಸಿದ್ದರು. ಪೀಣ್ಯದಲ್ಲಿ ಲೇತ್ ಮಿಷಿನ್ ಮುಂದೆ ನಿಂತು ಮಗಳನ್ನು ಓದಿಸಿದವನು. ಕುಡಿದು ಮಿಷಿನ್ ಹತ್ತಿರ ಬಂದರೆ ಬೆರಳು ಹೋಗುತ್ತದೆ ಎಂದು ಮಾಲೀಕ ಅವನನ್ನು ಬಿಡಿಸಿದ ಮೇಲೆ, ಇನ್ನೊಂದು ಶೆಡ್ಡಿನಲ್ಲಿ ಕೂತು ನಟ್ಟು ಬೋಲ್ಟು ಆರಿಸುತ್ತಿದ್ದ.

ದಾಸರಹಳ್ಳಿಯ ಆ ಗಲ್ಲಿಯಲ್ಲಿ ಮುನಿರಾಜು ಕುಡುಕನೆಂಬುದು ಎಳೆಯ ಮಕ್ಕಳಿಗೂ ಗೊತ್ತಿದ್ದ ಸಂಗತಿ. ಹೆಂಡತಿ ಹೋದ ಮೇಲೆ ಚಟಕ್ಕೆ ಬಿದ್ದ ಎನ್ನುತ್ತಿದ್ದರು. ಕಾಲು ಅಗಲಿಸಿ, ತೂರಾಡಿಕೊಂಡು, ನಾಲಿಗೆ ತೊಡರುವ ಮಾತಾಡಿಕೊಂಡು ಬರುವವನನ್ನು ಬೇರೆ ಏನೆಂದು ಕರೆಯುವುದು? ಮುಖ್ಯರಸ್ತೆಯಿಂದ ಮನೆಯ ಬಾಗಿಲವರೆಗೂ ಒಂದು ಗೋದಾಮಿನ ಗೋಡೆ ಇತ್ತು. ಮುನಿರಾಜು ಅದಕ್ಕೆ ಅಂಗೈ ಊರಿಕೊಂಡೇ ನಡೆಯುತ್ತಿದ್ದ. ವರ್ಷಗಟ್ಟಲೆ ಕಬ್ಬಿಣದ ಮಸಿಗೈ ಉಜ್ಜಿ ಉಜ್ಜಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಕಪ್ಪು ಪಟ್ಟೆ ಮೂಡಿತ್ತು. ಗೋದಾಮಿನವರು ಎರಡು ಸಲ ಸುಣ್ಣ ಹೊಡೆಸಿದರೂ ಪಟ್ಟೆ ಮತ್ತೆ ಎದ್ದು ಬಂದಿತ್ತು. ಪೀಣ್ಯಕ್ಕೆ ಮೆಟ್ರೋದ ಗ್ರೀನ್ ಲೈನ್ ಆದರೆ ನಮಗೆ ಮುನಿರಾಜು ಲೈನ್ ಎಂದು ಎದುರು ಮನೆಯ ಅಂಬರೀಶ್ ನಗಿಸುತ್ತಿದ್ದ.

ಮುನಿರಾಜುವಿನ ಅಕ್ಕ ಮುನಿಯಕ್ಕ ತಮ್ಮನ ತಲೆಯ ಬಳಿ ಕೂತು, ಅಳುವಿನ ನಡುವೆ ಬೈಯುವುದನ್ನೂ ಬಿಟ್ಟಿರಲಿಲ್ಲ. ಅಪ್ಪನೂ ಹೆಂಡಕ್ಕೇ ಹೋದ, ನೀನೂ ಅವನ ದಾರಿಯನ್ನೇ ಹಿಡಿದೆಯಲ್ಲೋ ಎಂದು. ಅವಳ ಅಪ್ಪ ಹೀಗೆಯೇ ತೂರಾಡುತ್ತಾ ಕೆರೆಯ ಏರಿಯಿಂದ ಉರುಳಿ ಸತ್ತಿದ್ದ. ಹಳೆಯ ಊರಿನಲ್ಲಿ ಅವರ ಮನೆಗೆ ಕುಡುಕರ ಮನೆ ಎಂದೇ ಹೆಸರು.

ವೇಣಿ ಆ ಮಾತು ಕೇಳುತ್ತಾ ತುಟಿ ಕಚ್ಚಿ ಕೂತಿದ್ದಳು. ಅವಳಿಗೆ ಗೊತ್ತಿದ್ದದ್ದು ಅಲ್ಲಿ ಕೂತಿದ್ದ ಇನ್ಯಾರಿಗೂ ಗೊತ್ತಿರಲಿಲ್ಲ. ಗಂಡ ಭಾನುಪ್ರಕಾಶನಿಗೂ.

*

ಅವಳ ಮದುವೆಗೆ ಮುಂಚಿನ ಮಾತು. ಅಪ್ಪ ಮೆಟ್ಟಿಲಿನಿಂದ ಬಿದ್ದು ಹಣೆ ಒಡೆದುಕೊಂಡಾಗ ವೇಣಿ ಹಟ ಹಿಡಿದು ಅವನನ್ನು ನರರೋಗದ ದೊಡ್ಡಾಸ್ಪತ್ರೆಗೆ ಕರೆದೊಯ್ದಿದ್ದಳು. ಏನೇನೋ ಪರೀಕ್ಷೆ ಮಾಡಿ, ರಕ್ತ ತೆಗೆದು, ತಿಂಗಳುಗಳಾದ ಮೇಲೆ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸಮಾಧಾನವಾಗಿ ಹೇಳಿದರು. ಮೈಯ ಪ್ರತಿಯೊಂದು ಜೀವಕೋಶದ ಒಳಗೂ ಒಂದು ಸಣ್ಣ ಹಂದರ ಇರುತ್ತದಂತೆ. ಕೋಶ ಆಕಾರ ಕೆಡದೆ ನಿಲ್ಲುವುದು ಅದರಿಂದ. ಆ ಹಂದರವನ್ನು ಯಾವಾಗ ಬಿಗಿಯಬೇಕು, ಯಾವಾಗ ಸಡಿಲಿಸಬೇಕು ಎಂದು ನೋಡಿಕೊಳ್ಳುವ ಕೈನೇಸ್ ಎಂಬ ಕಿಣ್ವಗಳಿವೆ. ಅಂಥ ಒಂದು ಕಿಣ್ವವನ್ನು ಮಾಡುವ ಜೀನಿನಲ್ಲಿ ಮುನಿರಾಜುವಿಗೆ ಹುಟ್ಟಿನಿಂದಲೇ ತಪ್ಪಿತ್ತು. ಹಿಂದಲೆಯ ಕಿರುಮೆದುಳಿನ ನರಕೋಶಗಳು ಅದರಿಂದಾಗಿ ನಿಧಾನವಾಗಿ ಸೊರಗುತ್ತಿದ್ದವು. ನಡಿಗೆಯ ಹದವೂ ಮಾತಿನ ಹದವೂ ಇರುವುದು ಅಲ್ಲೇ.

ಜೀನಿನ ಹೆಸರು ಟಿಟಿಬಿಕೆ ಟೂ ಎಂದರು. ಬಸ್ ನಂಬರ್ ಇದ್ದ ಹಾಗಿದೆ ಎಂದು ಮುನಿರಾಜು ನಕ್ಕ. ಆಮೇಲೆ ಸ್ವಲ್ಪ ಯೋಚಿಸಿ, "ಅಂದ್ರೆ ನನ್ ತಲೆಯೊಳಗೆ ಶಾಮಿಯಾನದವ್ನು ಹಗ್ಗ ಸರಿಯಾಗಿ ಕಟ್ಟಿಲ್ಲ ಅನ್ನಿ" ಎಂದ. ಡಾಕ್ಟರಮ್ಮನೂ ನಕ್ಕು, ಹೆಚ್ಚುಕಡಿಮೆ ಹಾಗೆಯೇ ಎಂದರು.

ನಗು ಅಲ್ಲಿಗೇ ನಿಂತಿತು. ಇದು ತಂದೆಯಿಂದ ಬಂದಿರಬೇಕು ಎಂದರು ಡಾಕ್ಟರಮ್ಮ. ಮಗಳಿಗೆ ಬಂದಿರಲೂಬಹುದು, ಬರದೆ ಇರಲೂಬಹುದು, ಅರ್ಧಕ್ಕರ್ಧ. ಬೇಕಾದರೆ ಪರೀಕ್ಷೆ ಮಾಡಿಸಿಕೊಳ್ಳಬಹುದು, ಆದರೆ ಗುಣ ಮಾಡುವ ಔಷಧಿ ಸದ್ಯಕ್ಕಿಲ್ಲ. ವೇಣಿ ತನಗೆ ಪರೀಕ್ಷೆ ಬೇಡವೆಂದಳು. ಮುನಿರಾಜು ಮಗಳ ಮುಖ ನೋಡಲಿಲ್ಲ. ದಾರಿಯುದ್ದಕ್ಕೂ ಬಸ್ಸಿನ ಕಿಟಕಿಯ ಆಚೆಗೇ ನೋಡುತ್ತಾ ಬಂದ.

ಅದೇ ವಾರದಿಂದ ಅವನು ವೈನ್ ಸ್ಟೋರಿನ ಮೂಲೆಯ ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಕೂರತೊಡಗಿದ. ವಿಷಯ ತಿಳಿದು ವೇಣಿ ಉರಿದುಕೊಂಡು ಅಲ್ಲಿಗೆ ಹೋದಳು. ಗ್ಲಾಸು ಕಿತ್ತುಕೊಂಡು ಮೂಸಿದರೆ ನಿಂಬೆಹಣ್ಣಿನ ವಾಸನೆ. ಬರೀ ಸೋಡಾ.

"ಕುಡುಕನ ಮಗಳನ್ನ ಜನ ಮದುವೆ ಮಾಡ್ಕೋತಾರೆ ಕಣಮ್ಮ" ಎಂದ ಮುನಿರಾಜು, ತೊಡರುವ ನಾಲಿಗೆಯನ್ನು ಹಿಡಿದು ನಿಲ್ಲಿಸಿಕೊಂಡು. "ಈ ಕಾಯಿಲೆಯವನ ಮಗಳನ್ನ ಮಾಡ್ಕೊಳಲ್ಲ. ನಾನು ಕುಡುಕನೇ ಆಗಿರ್ತೀನಿ, ಬಿಡು. ಯಾರ ಹತ್ರಾನೂ ಬಾಯಿ ಬಿಡ್ಬೇಡ. ನನ್ನಾಣೆ."

ಅವಳು ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತಳು. ಕುಡುಕ ಅಪ್ಪನಿಗಾಗಿ ಅಳುತ್ತಿದ್ದಾಳೆಂದು ನೋಡಿದವರೆಲ್ಲ ಮರುಗಿದರು.

ಅಪ್ಪನ ಲೆಕ್ಕಾಚಾರ ತಪ್ಪಲಿಲ್ಲ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಭಾನುಪ್ರಕಾಶನ ಕಡೆಯವರು, ಮಾವ ಕುಡಿಯುತ್ತಾನಂತೆ, ಹುಡುಗಿ ಚಿನ್ನದಂಥವಳು ಎಂದು ಒಪ್ಪಿಕೊಂಡರು. ಮದುವೆಯಾದ ಮೇಲೆ ಮಾವನ ಮನೆಯಲ್ಲೇ ಉಳಿದ ಭಾನು ಎಷ್ಟೋ ಸಂಜೆ ಶಿಫ್ಟು ಮುಗಿಸಿ ತಾನೇ ವೈನ್ ಸ್ಟೋರಿಗೆ ಹೋಗಿ ಮಾವನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಒಂದು ದಿನವೂ ಮುಖ ಗಂಟು ಹಾಕಿದವನಲ್ಲ. ಅವನ ಆ ಒಳ್ಳೆಯತನವೇ ವೇಣಿಯನ್ನು ಒಳಗೊಳಗೇ ಸುಡುತ್ತಿತ್ತು. ಈಗಂತೂ ಅವಳಿಗೆ ಮೂರು ತಿಂಗಳಾಗಿತ್ತು, ಅದು ಗೊತ್ತಿದ್ದದ್ದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ.

*

ಅವರ ಕಡೆ ಒಂದು ಪದ್ಧತಿ. ಹೆಣ ಎತ್ತುವ ಮೊದಲು, ಸತ್ತವರಿಗೆ ಇಷ್ಟವಾದದ್ದನ್ನು ಹತ್ತಿರದವರು ತಂದು ಪಕ್ಕದಲ್ಲಿ ಇಡಬೇಕು. ಎಲೆ ಅಡಿಕೆ ಮೆಲ್ಲುತ್ತಿದ್ದವರಿಗೆ ಎಲೆ ಅಡಿಕೆ, ಬೀಡಿ ಸೇದುತ್ತಿದ್ದವರಿಗೆ ಬೀಡಿ ಕಟ್ಟು. ಆಸೆ ಉಳಿದರೆ ಜೀವ ಮನೆಯ ಬಾಗಿಲು ಬಿಟ್ಟು ಹೋಗುವುದಿಲ್ಲವಂತೆ.

ಮುನಿಯಕ್ಕ ಹಿತಕಿದವರೆ ಸಾರನ್ನು ಬಟ್ಟಲಿನಲ್ಲಿ ತಂದಿಟ್ಟಳು. ಆಮೇಲೆ ಭಾನುಪ್ರಕಾಶ್ ಮುಂದೆ ಬಂದು, ಅಂಗಿಯೊಳಗಿನಿಂದ ಪೇಪರ್ ಸುತ್ತಿದ ಒಂದು ಪೊಟ್ಟಣ ತೆಗೆದು ಬಿಚ್ಚಿದ. ಕ್ವಾರ್ಟರ್ ಬ್ರಾಂದಿ. ಜನ್ಮದಲ್ಲಿ ಕುಡಿಯದವನು, ಅಂಗಡಿ ಬಾಗಿಲು ತೆಗೆಯುವುದನ್ನೇ ಕಾದು ನಿಂತು ಕೊಂಡು ತಂದಿದ್ದ. ಅದನ್ನು ಮಾವನ ಬಲಗೈಯ ಪಕ್ಕದಲ್ಲಿ ಜೋಪಾನವಾಗಿಟ್ಟು, "ತಗೊಳಿ ಮಾವ. ಇವತ್ತು ಯಾರೂ ಏನೂ ಅನ್ನಲ್ಲ" ಎಂದ.

ವೇಣಿ ಆ ಬಾಟಲಿಯನ್ನೇ ನೋಡಿದಳು. ಬಾಯಿ ತೆರೆದರೆ ಅಪ್ಪನ ಆಣೆ ಮುರಿಯುತ್ತದೆ. ಅಪ್ಪನ ಕಾಯಿಲೆಯ ಹೆಸರು ಹೇಳುವುದೆಂದರೆ ತನ್ನ ಹೆಸರನ್ನೂ, ಹೊಟ್ಟೆಯಲ್ಲಿರುವ ಮಗುವಿನ ಹೆಸರನ್ನೂ ಜೊತೆಗೆ ಹೇಳಿದ ಹಾಗೆ. ಸುಮ್ಮನಿದ್ದರೆ ಒಂದು ತೊಟ್ಟೂ ಕುಡಿಯದ ಅಪ್ಪ ಕುಡುಕನಾಗಿಯೇ ಮಣ್ಣಿಗೆ ಹೋಗುತ್ತಾನೆ. ಅವನು ಬಯಸಿದ್ದೂ ಅದನ್ನೇ ಅಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು ತಲೆ ತಗ್ಗಿಸಿದಳು.

ಆಗಲೇ ಜನರನ್ನು ಸರಿಸಿಕೊಂಡು ವೈನ್ ಸ್ಟೋರಿನ ಈರೇಶ್ ಬಂದ. ಬಡಗಣ ಸೀಮೆಯಿಂದ ಬಂದು ಅಲ್ಲಿ ಗ್ಲಾಸು ತೊಳೆಯುವ, ಸೋಡಾ ಒಡೆದು ಕೊಡುವ ಕೆಲಸಕ್ಕಿದ್ದವನು. ಕೈಯಲ್ಲಿ ಒಂದು ಸೋಡಾ ಬಾಟಲಿ, ಒಂದು ನಿಂಬೆಹಣ್ಣು. ಪದ್ಧತಿಯನ್ನು ಯಾರೋ ಹೇಳಿದ್ದರು, ಅದಕ್ಕೇ ತಂದೆ ಎಂದ. ಬಗ್ಗಿ ಇಡಲು ಹೋದವನು ಬ್ರಾಂದಿ ಬಾಟಲಿ ಕಂಡು ಹಾಗೇ ನಿಂತ.

"ಇದು ಅಣ್ಣಾರಿಗೆ ಬ್ಯಾಡ್ರಿ" ಎಂದ. "ಅವರು ಒಂದಿನಾನೂ ಕುಡದವರಲ್ಲ. ಬರೇ ಸೋಡಾ. ಗ್ಲಾಸಿನ್ಯಾಗ ಹಾಕಿಕೊಡು, ಯಾರ ಮುಂದೂ ಹೇಳಬ್ಯಾಡ ಅಂತಿದ್ರು."

ಅಂಬರೀಶನಿಗೆ ಸಾವಿನ ಮನೆಯಲ್ಲೂ ತಡೆಯಲಾಗಲಿಲ್ಲ. "ಹಂಗಾದ್ರೆ ತೂರಾಡ್ತಿದ್ದಿದ್ಯಾಕೆ ಗುರು? ಸೋಡಾ ಏರ್ತಿತ್ತಾ?"

"ಅದು ನಂಗೊತ್ತಿಲ್ರಿ. ಬರೋವಾಗ ಹೆಂಗ ಬರ್ತಿದ್ರೋ ಹೋಗೋವಾಗ್ಲೂ ಹಂಗ ಹೋಗ್ತಿದ್ರು."

ಯಾರೂ ನಗಲಿಲ್ಲ. ಮುಖಗಳೆಲ್ಲ ಒಂದೊಂದಾಗಿ ವೇಣಿಯ ಕಡೆ ತಿರುಗಿದವು. ಭಾನುವೂ ನೋಡಿದ. ಕುತೂಹಲಕ್ಕಲ್ಲ, ಹೆಂಡತಿಯ ಮುಖದಲ್ಲಿ ಏನೋ ಕಂಡು ಗಾಬರಿಯಾಗಿ. ಅವನ ಆ ನೋಟದ ಮುಂದೆ ಇನ್ನೊಂದು ಸುಳ್ಳು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

"ಅಪ್ಪಂಗೆ ಮೆದುಳಿನ ಕಾಯಿಲೆ ಇತ್ತು" ಎಂದಳು. "ಹುಟ್ಟಿನಿಂದ ಬಂದಿದ್ದು. ತಾತಂಗೂ ಅದೇ ಇದ್ದಿರ್ಬೇಕು. ನಂಗೂ ಬರ್ಬೋದು. ನನ್ ಮದುವೆ ಆಗ್ಲಿ ಅಂತ ಅಪ್ಪ ಕುಡುಕ ಅನ್ನಿಸ್ಕೊಂಡ್ರು."

ಮುನಿಯಕ್ಕ ಎದ್ದು ಬಂದು ಅವಳ ತೋಳು ಹಿಡಿದಳು. "ಅಂಗಾರೆ ನಮ್ಮಪ್ಪನೂ ಕುಡೀತಿರ್ಲಿಲ್ವೇನೇ?"

"ಗೊತ್ತಿಲ್ಲ ಅತ್ತೆ."

"ಏರಿ ಮೇಲೆ ಅಂಗೆ ತೂರಾಡ್ಕೊಂಡು ಬತ್ತಿದ್ರೆ ನಾನು ಬಾಗ್ಲಾಕ್ಕೊಂತಿದ್ನಲ್ಲೇ" ಎಂದು ಮುದುಕಿ ಮತ್ತೆ ತಮ್ಮನ ಬಳಿ ಕುಸಿದು ಕೂತಳು. ಈ ಸಲ ಬೈಯಲಿಲ್ಲ. ಅವನ ಕಟ್ಟಿದ ಪಾದಗಳನ್ನು ಸವರುತ್ತಾ ಇದ್ದಳು.

ಭಾನುಪ್ರಕಾಶ್ ಕೇಳಿದ್ದು ಒಂದೇ ಮಾತು. "ಮದುವೆಗೆ ಮುಂಚೆ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ರೀ."

ಅವನು ಬ್ರಾಂದಿ ಬಾಟಲಿ ತೆಗೆದು ಮತ್ತೆ ಪೇಪರಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡ. ಈರೇಶನ ಕೈಯಿಂದ ಸೋಡಾ ಇಸಿದುಕೊಂಡು ಆ ಜಾಗದಲ್ಲಿಟ್ಟ. ಹೆಂಡತಿಯ ಕಡೆ ತಿರುಗದೆ ಚಟ್ಟದ ಮುಂದಿನ ಬೊಂಬಿಗೆ ಹೆಗಲು ಕೊಟ್ಟ.

*

ಹೆಂಗಸರು ಗಲ್ಲಿಯ ತುದಿಯ ತನಕ ಹೋಗಿ ಹಿಂದಿರುಗಿದರು. ಮನೆ ತೊಳೆದು, ನಡುಮನೆಯಲ್ಲಿ ದೀಪ ಹಚ್ಚಿದ್ದಾಯಿತು. ಮಣ್ಣಿಗೆ ಹೋಗಿದ್ದವರು ಸಂಜೆ ಒಬ್ಬೊಬ್ಬರಾಗಿ ಬಂದು ದೀಪ ನೋಡಿ ಕೈಮುಗಿದು ಹೊರಟರು. ಅಂಬರೀಶ್ ಬಂದವನು ವೇಣಿಯ ಮುಖ ನೋಡಲಾರದೆ ಬೇಗ ಹೋದ. ಎಲ್ಲರೂ ಬಂದರು, ಭಾನು ಬರಲಿಲ್ಲ. ಸ್ಮಶಾನದಿಂದಲೇ ಜಾಲಹಳ್ಳಿಗೆ, ತಾಯಿಯ ಮನೆಗೆ ಹೋಗಿಬಿಟ್ಟನೇನೋ ಎಂದು ವೇಣಿಗೆ ಅನ್ನಿಸಿತು. ಹೋದರೆ ತಪ್ಪೆನ್ನಲು ತನಗೆ ಬಾಯಿಲ್ಲ ಎಂದೂ ಅನ್ನಿಸಿತು. ಕೂತಲ್ಲಿ ಕೂರಲಾರದೆ ಎದ್ದು ಗಲ್ಲಿಗೆ ಬಂದಳು.

ಅವನು ಮುಖ್ಯರಸ್ತೆಯ ಕಡೆಯ ತುದಿಯಲ್ಲಿ, ಗೋಡೆ ಶುರುವಾಗುವಲ್ಲಿ ನಿಂತಿದ್ದ. ಸ್ಮಶಾನದ ನಲ್ಲಿಯಲ್ಲಿ ಮಿಂದು ಬಂದಿದ್ದ, ಬಿಳಿ ಅಂಗಿ ಮೈಗೆ ಅಂಟಿತ್ತು. ಕಪ್ಪು ಪಟ್ಟೆಯನ್ನೇ ನೋಡುತ್ತಿದ್ದ. ವೇಣಿ ಹತ್ತಿರ ಹೋಗಿ ನಿಂತಳು.

"ಸ್ಕೂಟರಲ್ಲಿ ಕರ್ಕೊಂಡ್ ಬರೋವಾಗ, ಗಟ್ಟಿಯಾಗಿ ಹಿಡ್ಕೊಳಿ ಮಾವ ಅಂತ ಹೇಳ್ತಾನೇ ಇರ್ತಿದ್ದೆ" ಎಂದ ಅವನು, ಗೋಡೆಗೇ ಹೇಳುವವನ ಹಾಗೆ. "ಅವ್ರು ಹಿಡ್ಕೊಂಡೇ ಇರ್ತಿದ್ರು ಅಲ್ವಾ? ಆಗ್ತಿದ್ದಷ್ಟು."

ಅವಳಿಗೆ ಅಳು ಒತ್ತರಿಸಿ ಬಂತು. ಅವನು ಅವಳು ಸುಧಾರಿಸಿಕೊಳ್ಳುವ ತನಕ ಕಾದ. ಆಮೇಲೆ ಮೆಲ್ಲಗೆ, ಮಗುವಿಗೂ ಬರಬಹುದೇ ಎಂದು ಕೇಳಿದ.

"ನಂಗೆ ಬಂದಿದ್ಯೋ ಇಲ್ವೋ, ಅದೇ ಗೊತ್ತಿಲ್ಲ ರೀ."

ಭಾನುಪ್ರಕಾಶ್ ಗೋಡೆಯಿಂದ ಮುಖ ತಿರುಗಿಸಿದ. ದೀಪ ನೋಡಬೇಕು, ನಡಿ ಎಂದ. ಇಬ್ಬರೂ ಮನೆಯ ಕಡೆ ಹೊರಟರು. ದಣಿದಿದ್ದಳೋ ಏನೋ, ಎರಡು ಹೆಜ್ಜೆ ಹೋಗುವಷ್ಟರಲ್ಲಿ ವೇಣಿಯ ಕಾಲು ಸ್ವಲ್ಪ ತಡವರಿಸಿತು, ಕೈ ತಾನಾಗಿಯೇ ಗೋಡೆಯ ಕಡೆ ಹೋಯಿತು. ಭಾನು ನಿಂತ. ಅವಳ ಹಿಂದಿನಿಂದ ಸುತ್ತಿ ಬಂದು ಅವಳಿಗೂ ಗೋಡೆಗೂ ನಡುವೆ ಸೇರಿಕೊಂಡು, ಅವಳ ಕೈಯನ್ನು ತನ್ನ ತೋಳಿಗೆ ಹಾಕಿಕೊಂಡ. ಅಲ್ಲಿ ಇಬ್ಬರಿಗೆ ಸಾಕಾಗುವಷ್ಟು ಜಾಗವಿರಲಿಲ್ಲ. ಅವನ ಇನ್ನೊಂದು ಕಡೆಯ ಒದ್ದೆ ತೋಳು ಮನೆಯ ಬಾಗಿಲು ಬರುವವರೆಗೂ ಆ ಪಟ್ಟೆಗೆ ಉಜ್ಜುತ್ತಾ, ಕಪ್ಪಾಗುತ್ತಾ ಬಂತು.